ಆಗಮನ ಕಾಲದ ಉಪವಾಸವೂ ನಿರೀಕ್ಷೆಯೂ

ಕ್ರಿಸ್ತಜಯಂತಿಗೆ ಮುನ್ನ ಬರುವ ನಾಲ್ಕು ಭಾನುವಾರಗಳ ಅವಧಿಯನ್ನು ಪವಿತ್ರ ಧರ್ಮಸಭೆಯು ಆಗಮನ ಕಾಲವೆಂದು ಕರೆಯುತ್ತದೆ. ಪೂಜಾವರ್ಷದ ಆರಂಭವೂ ಇಲ್ಲಿಂದಲೇ. ಶತಮಾನ ಕಂಡ ನಮ್ಮ ದೇವಾಲಯದಲ್ಲಿ ನೂರು ಸಲ ಈ ಕಾಲ ಬಂದು ಹೋಗಿದೆ. ಗುರುಗಳು ನೇರಳೆ ವಸ್ತ್ರ ಧರಿಸುವುದನ್ನೂ ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ನಿಲ್ಲುವುದನ್ನೂ ನಾವೆಲ್ಲ ಬಲ್ಲೆವು. ಆದರೆ ಈ ಕಾಲ ಹುಟ್ಟಿದ್ದು ಹೇಗೆಂದು ಕೇಳಿಕೊಂಡವರು ಕಡಿಮೆ.

ಮೊದಮೊದಲು ಈ ಸಿದ್ಧತೆಗೆ ನಿಶ್ಚಿತವಾದ ಹೆಸರೇ ಇರಲಿಲ್ಲ. ಕ್ರಿ.ಶ. 380ರಲ್ಲಿ ಸ್ಪೇನ್ ದೇಶದ ಸಾರಾಗೋಸ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು, ಡಿಸೆಂಬರ್ 17ರಿಂದ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಇಪ್ಪತ್ತೊಂದು ದಿನ ಯಾರೂ ದೇವಾಲಯಕ್ಕೆ ಬರುವುದನ್ನು ತಪ್ಪಿಸಕೂಡದೆಂದು ವಿಧಿಸಿತು. ಮನೆಯಲ್ಲಿ ಅವಿತಿರುವುದು, ಹೊಲತೋಟಗಳಿಗೆ ಹೊರಟುಹೋಗುವುದು, ಬೆಟ್ಟ ಸೇರುವುದು, ಬರಿಗಾಲಲ್ಲಿ ತಿರುಗುವುದು ಎಲ್ಲವೂ ನಿಷಿದ್ಧ! ಅಂದಿನ ಒಂದು ಪಂಥದವರು ಸಭೆಯಿಂದ ದೂರ ಸರಿದು ತಮ್ಮದೇ ಕಠಿಣ ವ್ರತ ಹಿಡಿಯುತ್ತಿದ್ದುದೇ ಇದಕ್ಕೆ ಹಿನ್ನೆಲೆ. ಹಬ್ಬಕ್ಕೆ ಜನರು ಒಟ್ಟುಗೂಡಿಯೇ ಅಣಿಯಾಗಬೇಕೆಂಬುದು ಆ ಹಿರಿಯರ ಇಂಗಿತವಾಗಿತ್ತು.

ಉಪವಾಸದ ಕ್ರಮ ಬೆಳೆದದ್ದು ಮುಖ್ಯವಾಗಿ ಗಾಲ್ ನಾಡಿನಲ್ಲಿ, ಅಂದರೆ ಈಗಿನ ಫ್ರಾನ್ಸಿನಲ್ಲಿ. ಐದನೆಯ ಶತಮಾನದಲ್ಲಿ ತೂರ್ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಪೆರ್ಪೆತುವಸರು, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ಗೊತ್ತುಪಡಿಸಿದರು. ಮುಂದಿನ ಶತಮಾನದಲ್ಲಿ ಮಾಕೋನ್ ನಗರದ ಸಭೆ ಸೋಮವಾರ, ಬುಧವಾರ, ಶುಕ್ರವಾರಗಳೆಂದು ದಿನಗಳನ್ನೂ ಹೆಸರಿಸಿತು. ಹೀಗೆ ನಲವತ್ತು ದಿನಗಳಿಗೆ ಮಿಕ್ಕಿದ ಈ ವ್ರತವನ್ನು ಜನರು ಸಂತ ಮಾರ್ಟಿನರ ತಪಸ್ಸು ಕಾಲವೆಂದೇ ಕರೆಯತೊಡಗಿದರು.

ರೋಮಾಪುರಿಯ ದಾರಿ ಬೇರೆ. ಅಲ್ಲಿ ಪ್ರಾಯಶ್ಚಿತ್ತಕ್ಕಿಂತ ನಿರೀಕ್ಷೆಯ ಸಂತೋಷವೇ ಮುಂದಾಗಿತ್ತು. ನಾಲ್ಕು ಭಾನುವಾರಗಳ ಕ್ರಮವನ್ನು ಸಾಮಾನ್ಯವಾಗಿ ಪೋಪ್ ಮಹಾ ಗ್ರೆಗೊರಿಯವರ (590–604) ಹೆಸರಿನೊಡನೆ ಜೋಡಿಸುತ್ತಾರೆ. ಮಿಲಾನ್ ಧರ್ಮಪ್ರಾಂತ್ಯವಾದರೋ ಇಂದಿಗೂ ಆರು ವಾರಗಳನ್ನು ಬಿಟ್ಟುಕೊಟ್ಟಿಲ್ಲ. ಗಾಲ್ ನಾಡಿನ ತಪಸ್ಸು, ರೋಮಿನ ಸಂತೋಷ ಎಂಬ ಈ ಎರಡು ಹೊಳೆಗಳು ಕೂಡಿದ ಗುರುತು ನಮ್ಮ ಪೂಜೆಯಲ್ಲಿ ಇನ್ನೂ ಉಳಿದಿದೆ: ಆಗಮನ ಕಾಲದಲ್ಲಿ ಮಹಿಮಾಗೀತೆ ಇಲ್ಲ, ಆದರೆ ತಪಸ್ಸು ಕಾಲದಲ್ಲಿ ಕೇಳಿಬರದ ಅಲ್ಲೆಲೂಯ ಈಗ ಉಂಟು.

ರೋಮಿನ ಆ ನಿರೀಕ್ಷೆಯ ಅತ್ಯಂತ ಸುಂದರ ಫಲವನ್ನು ಡಿಸೆಂಬರ್ 17ರಿಂದ 23ರವರೆಗಿನ ಸಂಧ್ಯಾಪ್ರಾರ್ಥನೆಯಲ್ಲಿ ಕಾಣಬೇಕು. ದಿನಕ್ಕೊಂದರಂತೆ ಏಳು ಸಲ, ಹಳೆಯ ಒಡಂಬಡಿಕೆಯಿಂದ ಆಯ್ದ ಒಂದೊಂದು ಬಿರುದಿನಿಂದ ಪ್ರಭುವನ್ನು ಕರೆಯಲಾಗುತ್ತದೆ: ಜ್ಞಾನವೇ, ಅದೋನಾಯ್, ಜೆಸ್ಸೆಯ ಬೇರೇ, ದಾವೀದನ ಬೀಗದ ಕೈಯೇ, ಉದಯವೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ. ಈ ಬಿರುದುಗಳ ಲತೀನ್ ರೂಪದ ಮೊದಲಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಓದಿದರೆ 'ಎರೋ ಕ್ರಾಸ್' ಎಂದಾಗುತ್ತದೆ; ನಾಳೆ ನಾನಿರುವೆನು ಎಂದು ಅದರ ಅರ್ಥ. ರಚಿಸಿದವರು ಇದನ್ನು ಬೇಕೆಂದೇ ಹೆಣೆದರೋ ಏನೋ, ಏಳು ದಿನ ಕರೆದವರಿಗೆ ಏಳನೆಯ ಸಂಜೆ ಉತ್ತರ ದೊರೆತಂತಾಯಿತು.

ಕಾಲ ಸರಿದಂತೆ ಉಪವಾಸ ಕ್ಷೀಣಿಸಿತು. 1917ರ ಕಾನೂನು ಸಂಹಿತೆಯಲ್ಲಿ ಆಗಮನ ಕಾಲದ ಕೆಲವೇ ದಿನಗಳೂ ಹಬ್ಬದ ಹಿಂದಿನ ದಿನವೂ ಮಾತ್ರ ಉಪವಾಸಕ್ಕೆ ಉಳಿದಿದ್ದವು. 1966ರಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ ನಿಯಮದಿಂದ ಆ ಕಡ್ಡಾಯವೂ ಹೋಯಿತು. 1969ರ ಪಂಚಾಂಗ ಸುಧಾರಣೆಯು ಈ ಕಾಲವನ್ನು ಭಕ್ತಿಪೂರ್ಣವಾದ ಆನಂದದ ನಿರೀಕ್ಷೆಯೆಂದು ಬಣ್ಣಿಸಿತು. ನೆರೆಯ ಕೇರಳದ ಸಿರೋ-ಮಲಬಾರ್ ಸಹೋದರರಲ್ಲಾದರೋ ಹಬ್ಬಕ್ಕೆ ಮುಂಚಿನ ಇಪ್ಪತ್ತೈದು ದಿನಗಳ ನೋಂಬು ಇಂದಿಗೂ ಜೀವಂತವಾಗಿದೆ.

ಉಪವಾಸ ಹೋದರೂ ದೊರೆತದ್ದು ಅಲ್ಪವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆದ ಶಾಸನ ಹೊರಬಂದದ್ದು 1963ರ ಡಿಸೆಂಬರ್ 4ರಂದು, ಅಂದರೆ ಆಗಮನ ಕಾಲದ ಮೊದಲ ವಾರದಲ್ಲೇ. ಅದುವರೆಗೆ ಲತೀನಿನಲ್ಲಿ ಪಠಿಸಲ್ಪಡುತ್ತಿದ್ದ ಯೆಶಾಯ ಪ್ರವಾದಿಯ ವಾಣಿ ಆಮೇಲೆ ಬಲಿಪೀಠದ ಬಳಿಯಿಂದಲೇ ಕನ್ನಡದಲ್ಲಿ ಕೇಳಿಬಂತು. ಅಕ್ಷರ ಬಾರದ ಹಿರಿಯರಿಗೂ ಅಡವಿಯಲ್ಲಿ ಕೂಗಿದ ಸ್ನಾನಿಕ ಯೊವಾನ್ನರ ಮಾತು ತಮ್ಮ ಮನೆಮಾತಿನಲ್ಲಿ ತಲುಪಿತು.

ಈಗ ಡಿಸೆಂಬರ್ ಹುಟ್ಟುವ ಮೊದಲೇ ನಮ್ಮ ಬೀದಿಗಳಲ್ಲಿ ನಕ್ಷತ್ರದೀಪಗಳು ತೂಗುತ್ತವೆ. ಕಜ್ಜಾಯ, ಕುಸ್ವಾರುಗಳ ಡಬ್ಬಿಗಳು ಹಬ್ಬಕ್ಕೆ ಮುಂಚೆಯೇ ಖಾಲಿಯಾಗುವುದೂ ಉಂಟು. ಮಕ್ಕಳ ಸಂಭ್ರಮಕ್ಕೆ ಅಡ್ಡಿ ಹೇಳುವ ಮನಸ್ಸು ಈ ಲೇಖಕನಿಗಿಲ್ಲ. ಆದರೆ ನಾವು ಇಷ್ಟು ಅಕ್ಕರೆಯಿಂದ ಕಟ್ಟುವ ಗೋದಲಿಯ ಇತಿಹಾಸದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿಯನ್ನಿರಿಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ ಕ್ರಿಸ್ತಜಯಂತಿಯನ್ನು ಆಚರಿಸಿದ್ದು 1223ರಲ್ಲಿ. ಅವರ ಸಭೆಯ ನಿಯಮಾವಳಿಗೆ ಪೋಪ್ ಮೂರನೆಯ ಹೊನೋರಿಯುಸರು ಮುದ್ರೆಯೊತ್ತಿದ್ದು ಅದೇ ವರ್ಷದ ನವೆಂಬರ್ 29ರಂದು, ಹಬ್ಬಕ್ಕೆ ಒಂದು ತಿಂಗಳು ಕೂಡ ಉಳಿದಿರದಾಗ. ಸಹೋದರರು ಸಕಲ ಸಂತರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ಉಪವಾಸವಿರಬೇಕೆಂದು ಆ ನಿಯಮಾವಳಿಯ ಮೂರನೆಯ ಅಧ್ಯಾಯ ಹೇಳುತ್ತದೆ.