‘ಇವರು ನಿಮಗೆ ಏನಾಗಬೇಕು?’: ವೀಸಾ ಅರ್ಜಿಯ ಒಂದು ಕಾಲಮ್ಮಿನ ಇತಿಹಾಸ

ಪೋಸ್ಟು ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕಿನ ನಮ್ಮ ಕೇರಿಗಳಲ್ಲಿ ಮೊದಲು ಯಾರೂ ಕೇಳದ ಪ್ರಶ್ನೆಯೊಂದನ್ನು ಈಗ ಹುಡುಗರು ಕೇಳತೊಡಗಿದ್ದಾರೆ. ನಾನು ಆಫೀಸಿನಲ್ಲಿ ಗುಮಾಸ್ತ, ಅರ್ಜಿ-ದಾಖಲೆ ಅಂದ್ರೆ ನನ್ನ ಹತ್ತಿರ ಬರ್ತಾರೆ. “ಕಾಕಾ, ಫಾರಿನ್ನಿನಾಗ ಇರೋ ನನ್ನ ಸಂಗಾತಿಯನ್ನ ಊರಿಗೆ ಕರಕೊಂಡು ಬರಬೇಕು, ಏನೇನು ಕಾಗದ ಬೇಕು?” ರಾಜ್ಯದ ‘ಪ್ರಬುದ್ಧ’ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವುಗಳಿಂದ ನಮ್ಮ ಮಕ್ಕಳು ಹೊರದೇಶಕ್ಕೆ ಓದಲು ಹೊಂಟಾರ. ಓದಲು ಹೋದಲ್ಲಿ ಗೆಳೆತನ ಆಗ್ತದ, ಪ್ರೀತಿ ಆಗ್ತದ. ಇದರಾಗ ಆಶ್ಚರ್ಯ ಏನಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಯುರೋಪಿನ ಒಂದು ದೇಶದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾನ. ಆಕೆ ಅಲ್ಲೇ ಇದ್ದಾಳೆ. ಆಕೆ ಭಾರತದ ಇ-ವೀಸಾಕ್ಕೆ ಮನೆಯಲ್ಲಿ ಕೂತು ಅರ್ಜಿ ಹಾಕಿದಳು, ಕೆಲವೇ ದಿನಕ್ಕೆ ಬಂತು. ಬಂದು ನಮ್ಮ ಕೇರಿಯಲ್ಲಿ ಮೂರು ವಾರ ಇದ್ದು ರೊಟ್ಟಿ-ಪಲ್ಯ ಉಂಡು ಹೋದಳು. ಆಮೇಲೆ ಆಕೆಯನ್ನು ನೋಡಲು ಇವನು ಅಲ್ಲಿಯ ವಿಸಿಟರ್ ವೀಸಾಕ್ಕೆ ಹಾಕಿದ. ಬ್ಯಾಂಕಿನ ಲೆಕ್ಕ, ಪಗಾರದ ಚೀಟಿ, ಮಾಲಕರ ಪತ್ರ, ಆಕೆಯ ಆಮಂತ್ರಣ ಎಲ್ಲಾ ಇಟ್ಟಿದ್ದ. ಅರ್ಜಿ ತಿರಸ್ಕಾರ ಆಯ್ತು. ನೀನು ವಾಪಸ್ ಬರ್ತೀ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ, ಇಷ್ಟೇ ಕಾರಣ. ಇಲ್ಲಿಂದ ನೋಡಿದರೆ ಆಕೆ ವಿದೇಶಿ ಸಂಗಾತಿ, ಅಲ್ಲಿಂದ ನೋಡಿದರೆ ಇವನೇ ವಿದೇಶಿ ಸಂಗಾತಿ. ಪ್ರೀತಿ ಒಂದೇ, ಬಾಗಿಲು ಮಾತ್ರ ಎರಡು ಅಳತೆಯವು.

ಅವನ ಅರ್ಜಿ ತುಂಬುವಾಗ ಒಂದು ಕಾಲಮ್ಮು ನನ್ನ ತಲೆಯಾಗ ಉಳೀತು. ಆಮಂತ್ರಿಸಿದವರು ನಿಮಗೆ ಏನಾಗಬೇಕು? ಯಾರು ಯಾರಿಗೆ ಏನಾಗಬೇಕು ಅಂತ ತೀರ್ಮಾನಿಸುವ ಅಧಿಕಾರ ಸರ್ಕಾರಕ್ಕೆ ಹೆಂಗ ಬಂತು? ಈ ಇತಿಹಾಸ ನಮಗೆ ಗೊತ್ತಿರಬೇಕು.

ನರಗುಂದದಿಂದಲೇ ಶುರು ಮಾಡೋಣ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದ ಕಥೆ ಶಾಲೆಯಲ್ಲಿ ಓದಿದ್ದೇವೆ. ಆ ಸಿಟ್ಟಿನ ಹಿಂದಿದ್ದ ಒಂದು ದೊಡ್ಡ ಕಾರಣ ದತ್ತಕ. ಮಗ ಇಲ್ಲದ ಸಂಸ್ಥಾನಿಕ ದತ್ತು ತಗೊಳ್ಳಲು ಪರವಾನಗಿ ಕೇಳಿದ, ಕಂಪನಿ ಸರ್ಕಾರ ಕೊಡಲಿಲ್ಲ. ಅಂದರೆ ನಿನಗೆ ಮಗ ಯಾರಾಗಬೇಕು ಅಂತ ನಾವು ಹೇಳ್ತೀವಿ ಅಂದಿತು ಸರ್ಕಾರ. ಅರಸನಿಗೆ ಹಂಗಾದಾಗ ಬಂಡಾಯ ಅಂತ ಬರೆದರು. ಬಡವರಿಗೆ, ಕೂಲಿಗಳಿಗೆ ದಿನಾ ಹಂಗಾದಾಗ ಬರೆದವರು ಕಡಿಮೆ.

ಆ ಕಾಲಕ್ಕೆ ವೀಸಾ ಇರಲಿಲ್ಲ. ಹಂಗಂತ ಪರವಾನಗಿ ಇರಲಿಲ್ಲ ಅಂತಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ ಬ್ರಾಹ್ಮಣ ಮನೆತನದವರು. 1844ರಲ್ಲಿ ಕ್ರೈಸ್ತರಾಗಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮರಳಿದರು. ಮುಂದೆ ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಹಡಗು ಹತ್ತಿ ಬರಲು ಆಕೆಗೆ ಯಾವ ಕಾನ್ಸುಲೇಟಿನ ಮುದ್ರೆಯೂ ಬೇಕಾಗಿರಲಿಲ್ಲ. ಆದರೆ ಮಿಶನ್ನಿನ ಪಾದ್ರಿಗಳು ಮದುವೆಯಾಗಲು ಬಾಸೆಲ್‌ನ ಸಮಿತಿ ಒಪ್ಪಬೇಕಿತ್ತು. ಎಷ್ಟೋ ಪಾದ್ರಿಗಳಿಗೆ ಹೆಣ್ಣು ಹುಡುಕಿ ಕಳಿಸುತ್ತಿದ್ದದ್ದೂ ಸಮಿತಿಯೇ. ಇದೇ ಮಿಶನ್ ಕೊಡಗಿನ ಆನಂದಪುರದಲ್ಲಿ ಹೊಲೆಯ ಜನರ ನೆಲೆ ಕಟ್ಟಿತ್ತು, ಕೌಂಡಿನ್ಯರೂ ಅಲ್ಲಿ ಕೆಲಸ ಮಾಡಿದವರು. ಒಡೆಯನ ಜಮೀನಿಗೆ ಕಟ್ಟಿಬಿದ್ದು ತಲೆಮಾರು ಕಳೆದ ಜನ ಅವರು. ಒಬ್ಬರಿಗೆ ಸಮುದ್ರ ದಾಟಿ ಹೆಂಡತಿ ಬರಬಹುದಿತ್ತು. ಇನ್ನೊಬ್ಬರು ಒಡೆಯನ ಗದ್ದೆಯ ಬದು ದಾಟಲೂ ಅಪ್ಪಣೆ ಬೇಕಿತ್ತು.

ಹಡಗು ಹತ್ತಿದ ನಮ್ಮಂಥವರೂ ಇದ್ದರು, ಅವರು ಹೋದದ್ದು ಕೂಲಿಗಳಾಗಿ. ಮಾರಿಷಸ್, ನೇಟಾಲ್, ಫಿಜಿಗೆ ಹೋದ ಕರಾರು ಕೂಲಿಗಳ ಪಾಸಿನಲ್ಲಿ ಹೆಸರು, ಅಪ್ಪನ ಹೆಸರು, ಊರು, ಜೊತೆಗೆ ಜಾತಿಯ ಕಾಲಮ್ಮೂ ಇರ್ತಿತ್ತು. ಇವತ್ತಿನ ಪಾಸ್‌ಪೋರ್ಟಿನ ಅಣ್ಣ ಅದು ಅನ್ನಬಹುದು.

ಹೋದಲ್ಲಿ ಅವರ ಮದುವೆಗಳಿಗೆ ಏನು ಬೆಲೆ ಇತ್ತು? 1913ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ನ್ಯಾಯಾಧೀಶ ಸರ್ಲ್ ಒಂದು ತೀರ್ಪು ಕೊಟ್ಟ. ಭಾರತದಿಂದ ಗಂಡನ ಹತ್ತಿರ ಬಂದಿದ್ದ ಮುಸ್ಲಿಂ ಹೆಣ್ಣುಮಗಳೊಬ್ಬಳನ್ನು ಒಳಗೆ ಬಿಡೋದಿಲ್ಲ ಅಂದ. ಯಾಕಂದ್ರೆ ಆಕೆಯ ಮದುವೆ ಅಲ್ಲಿಯ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಒಂದೇ ಏಟಿಗೆ ಸಾವಿರಾರು ಹಿಂದೂ, ಮುಸ್ಲಿಂ ಹೆಂಡಿರು ಕಾಗದದಲ್ಲಿ ಹೆಂಡಿರಾಗಿ ಉಳೀಲಿಲ್ಲ. ಆಗ ಹೆಣ್ಣುಮಕ್ಕಳೇ ಬೀದಿಗಿಳಿದರು. ವಳ್ಳಿಯಮ್ಮ ಅನ್ನೋ 16 ವರ್ಷದ ತಮಿಳು ಹುಡುಗಿ ಜೈಲಿನಲ್ಲಿ ಕಾಯಿಲೆ ಬಿದ್ದು, ಹೊರಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ವರ್ಷದ ಕಾಯ್ದೆಯಲ್ಲಿ ಮದುವೆಗಳಿಗೆ ಮಾನ್ಯತೆ ಸಿಕ್ಕಿತು.

ಕೆನಡಾದಲ್ಲೂ ಇದೇ ಹಾಡು. ತಾಯ್ನಾಡಿನಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದ ಹಡಗಿನಲ್ಲಿ ಇಳಿದವರಿಗಷ್ಟೇ ಪ್ರವೇಶ ಅಂತ 1908ರಲ್ಲಿ ನಿಯಮ ಮಾಡಿದರು. ಭಾರತದಿಂದ ಅಂಥ ಹಡಗೇ ಇರಲಿಲ್ಲ! 1912ರಲ್ಲಿ ಅಲ್ಲಿ ನೆಲೆಸಿದ್ದ ಇಬ್ಬರು ಸಿಖ್ಖರ ಹೆಂಡತಿ-ಮಕ್ಕಳನ್ನು ಹೊರಹಾಕಲು ಹೊರಟು, ಗದ್ದಲ ಆದಮೇಲೆ ‘ಕೃಪೆ’ ಅಂತ ಉಳಿಸಿಕೊಂಡರು. ಹಕ್ಕು ಅನ್ನಲಿಲ್ಲ, ಕೃಪೆ ಅಂದರು. ಇವತ್ತಿಗೂ ವೀಸಾ ಕೊಡುವವರ ಭಾಷೆ ಇದೇ.

ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿಗೆ ಓದಲು ಹೋದಾಗ ಭಾರತ ಬಿಟ್ಟು ಹೋಗಲು ಪಾಸ್‌ಪೋರ್ಟ್ ಕಡ್ಡಾಯ ಇರಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ ಕಡ್ಡಾಯ ಆಯ್ತು. 1920ರಲ್ಲಿ ಭಾರತದೊಳಗೆ ಬರುವವರಿಗೂ ಪಾಸ್‌ಪೋರ್ಟ್ ಕಾಯ್ದೆ ಬಂತು. ಯುದ್ಧ ಮುಗೀತು, ಕಾಗದ ಮಾತ್ರ ಮುಗೀಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಎಲ್ಲರಿಗೂ ಪಾಸ್‌ಪೋರ್ಟ್ ಸಿಕ್ಕಿತೇ? ಇಲ್ಲ ನೋಡ್ರಿ. 1947ರಿಂದ 1967ರವರೆಗಿನ ಸರ್ಕಾರಿ ಕಡತಗಳನ್ನು ಓದಿ ಇತಿಹಾಸಕಾರ್ತಿ ಕಲಾತ್ಮಿಕಾ ನಟರಾಜನ್ ಬರೆದಿದ್ದಾರೆ. ಓದು ಬಾರದವರು, ಕೂಲಿಗಳು, ‘ಕೆಳಗಿನ’ ಜನ ಹೊರದೇಶಕ್ಕೆ ಹೋದರೆ ಭಾರತದ ಮರ್ಯಾದೆ ಹೋಗ್ತದ ಅಂತ ನಮ್ಮದೇ ಅಧಿಕಾರಿಗಳು ಅಂಥವರಿಗೆ ಪಾಸ್‌ಪೋರ್ಟ್ ತಡೆಹಿಡೀತಿದ್ದರು. ಹೊರಗಿನವರು ಬಾಗಿಲು ಹಾಕುವ ಮೊದಲೇ ಒಳಗಿನವರು ಚಿಲಕ ಹಾಕಿದ್ದರು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 3–2ರ ಬಹುಮತದಿಂದ, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರ್ತದ ಅಂತು. ಆ ತೀರ್ಪಿನಿಂದಲೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಹುಟ್ಟಿತು. ಬಾಬಾಸಾಹೇಬರು ಬರೆದ ಸಂವಿಧಾನ ಇಲ್ಲದಿದ್ದರೆ ನಮ್ಮ ಹುಡುಗರ ಕೈಯಾಗ ಆ ನೀಲಿ ಪುಸ್ತಕ ಇರ್ತಿರಲಿಲ್ಲ. ಆದರೂ ಹಳೆ ವಾಸನೆ ಪೂರ್ತಿ ಹೋಗಿಲ್ಲ. 1983ರ ವಲಸೆ ಕಾಯ್ದೆಯಡಿ ಹತ್ತನೇ ಇಯತ್ತೆ ಪಾಸಾಗದವರಿಗೆ ಇವತ್ತಿಗೂ ಬೇರೆ ತರಹದ ಪಾಸ್‌ಪೋರ್ಟ್, 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಬೇರೆ ಪರವಾನಗಿ.

ಬ್ರಿಟನ್ನಿನ ಕಥೆ ಇನ್ನೂ ಹೇಸಿಗೆ. 1979ರ ಜನವರಿಯಲ್ಲಿ, ಮದುವೆ ಗೊತ್ತಾಗಿದ್ದ ಗಂಡಿನ ಹತ್ತಿರ ಹೋಗಲು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಗೆ ಕನ್ಯತ್ವ ಪರೀಕ್ಷೆ ಮಾಡಿದರು. ಮದುವೆ ಆಗದವಳು ಅನ್ನೋದಕ್ಕೆ ಆಕೆಯ ಮಾತು ಸಾಲಲಿಲ್ಲ, ಮೈಯನ್ನೇ ದಾಖಲೆ ಮಾಡಿಕೊಂಡರು. ಕನಿಷ್ಠ 80 ಹೆಣ್ಣುಮಕ್ಕಳಿಗೆ ಇಂಥ ಪರೀಕ್ಷೆ ಆಗಿತ್ತು, ಹೆಚ್ಚಿನವು ಭಾರತದಲ್ಲಿದ್ದ ಅವರ ವೀಸಾ ಕಚೇರಿಗಳಲ್ಲೇ, ಅಂತ ಆಮೇಲೆ ಕಡತಗಳಿಂದ ಹೊರಬಂತು. ಮುಂದೆ 1980ರ ದಶಕದಲ್ಲಿ ಇನ್ನೊಂದು ನಿಯಮ ಬಿಗಿಮಾಡಿದರು. ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರೋದಲ್ಲ ಅಂತ ವರನೇ ರುಜುವಾತು ಮಾಡಬೇಕು! 1997ರಲ್ಲಿ ಅದನ್ನು ತೆಗೆದರು. ಅಮೆರಿಕದ 1952ರ ಕಾಯ್ದೆಯ 214(ಬಿ) ಮಾತ್ರ ಇನ್ನೂ ಐತಿ. ವೀಸಾ ಕೇಳುವವನು ಅಲ್ಲೇ ಉಳಿಯಲು ಬಂದವನು ಅಂತ ಮೊದಲೇ ನಂಬಿಕೊಂಡಿರ್ತಾರೆ, ಅಲ್ಲ ಅಂತ ನಾವು ತೋರಿಸಬೇಕು.

ಹೆಂಗ ತೋರಿಸೋದು? ತಾಯ್ನಾಡಿನಲ್ಲಿ ನಿನಗೆ ಬೇರು ಐತಿ ಅಂತ ತೋರಿಸು ಅಂತಾರೆ. ಬೇರು ಅಂದ್ರೆ ಅವರ ಲೆಕ್ಕದಲ್ಲಿ ಹೊಲ, ಮನೆ, ಬ್ಯಾಂಕಿನ ರೊಕ್ಕ, ಕಾಯಂ ನೌಕರಿ. ನಮ್ಮ ಹುಡುಗನ ಅಪ್ಪನ ಹೆಸರಿನಲ್ಲಿ ಉತಾರ ಇಲ್ಲ. ಅಜ್ಜನ ಹೆಸರಿನಲ್ಲೂ ಇರಲಿಲ್ಲ. ಮಲಪ್ರಭೆಯ ಕಾಲುವೆ ಬಂದ ಈ ಎರೆ ನೆಲದಲ್ಲಿ ತಲೆಮಾರಿನಿಂದ ಬಿತ್ತಿ ಬೆಳೆದವರು ಅವರು, ಆದರೆ ಬೇರೆಯವರ ಹೊಲದಲ್ಲಿ. ಈ ಮಣ್ಣಿನಾಗ ಅವರಷ್ಟು ಆಳಕ್ಕೆ ಬೇರು ಬಿಟ್ಟವರು ಯಾರಿದ್ದಾರೆ? ಕಾಗದದಲ್ಲಿ ಮಾತ್ರ ಬೇರಿಲ್ಲ. ಇಲ್ಲಿ ಜಾತಿ ಕಸಿದುಕೊಂಡದ್ದನ್ನು ಅಲ್ಲಿ ವೀಸಾ ಅಧಿಕಾರಿ ನಿನ್ನ ಕೊರತೆ ಅಂತ ಎಣಿಸ್ತಾನೆ. ಅವನ ಅರ್ಜಿಯಲ್ಲಿ ಜಾತಿಯ ಕಾಲಮ್ಮು ಇಲ್ಲ. ಇರಬೇಕಾದ್ದೂ ಇಲ್ಲ, ಆಸ್ತಿಯ ಕಾಲಮ್ಮೇ ಆ ಕೆಲಸ ಮಾಡ್ತದ.

ನಮ್ಮ ದೇಶದ ಕಾನೂನೂ ಪೂರಾ ಸುದ್ದ ಇಲ್ಲ. 1955ರ ಪೌರತ್ವ ಕಾಯ್ದೆಯಲ್ಲಿ ಭಾರತೀಯ ಗಂಡಸಿನ ವಿದೇಶಿ ಹೆಂಡತಿ ನೋಂದಣಿಯಿಂದ ಪ್ರಜೆಯಾಗಬಹುದಿತ್ತು. ಭಾರತೀಯ ಹೆಣ್ಣಿನ ವಿದೇಶಿ ಗಂಡನಿಗೆ ಆ ದಾರಿ ತೆರೆದದ್ದು 1986ರ ತಿದ್ದುಪಡಿಯಲ್ಲಿ. ಇವತ್ತಿಗೂ ಮದುವೆಯಾಗದ ಸಂಗಾತಿಗೆ ನಮ್ಮ ವೀಸಾ ನಿಯಮದಲ್ಲಿ ಸಂಗಾತಿ ಅನ್ನೋ ಹೆಸರಿಲ್ಲ, ಪ್ರವಾಸಿ ಅಂತಲೇ ಬರಬೇಕು. ಒಂದೇ ಲಿಂಗದ ಜೋಡಿಗಳಿಗೆ 2023ರ ಸುಪ್ರಿಯೋ ತೀರ್ಪಿನ ನಂತರ ಮದುವೆಯ ದಾರಿಯೂ ಮುಚ್ಚಿದೆ.

ಮದುವೆಯಾಗೋಣ ಅಂದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು. ನೋಟಿಸು ಕೊಟ್ಟಮೇಲೆ ಇನ್ನೂ 30 ದಿನ ಅದನ್ನು ಕಚೇರಿಯ ಗೋಡೆಗೆ ಹಚ್ಚಿರ್ತಾರೆ. 30 ದಿನದ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಈ ಲೆಕ್ಕ ಕೂಡೋದಿಲ್ಲ. ಅದಕ್ಕಿಂತ ದೊಡ್ಡ ಮಾತು, ಆ ಗೋಡೆಯ ಕಾಗದವನ್ನು ಯಾರು ಓದ್ತಾರೆ ಅನ್ನೋದು.

ಇದನ್ನ ಬರೆಯುವಾಗ ಕೈ ನಡುಗ್ತದ. 2019ರ ನವೆಂಬರಿನಲ್ಲಿ ನಮ್ಮದೇ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ಗಂಡ-ಹೆಂಡತಿಯನ್ನು ಕಲ್ಲಿನಿಂದ ಜಜ್ಜಿ ಕೊಂದರು. ಊರು ಬಿಟ್ಟು ಬೇರೆ ಕಡೆ ಬಾಳ್ವೆ ಮಾಡಿ ಮರಳಿ ಬಂದಿದ್ದರು. ಆತ ಮಾದಿಗ, ಆಕೆ ಲಂಬಾಣಿ. ಕೊಂದವರು ಆಕೆಯ ಕಡೆಯವರೇ. 2025ರ ಜನವರಿಯಲ್ಲಿ ಗದಗ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಎರಡೂ ಜಾತಿಗಳು ಒಂದೇ ಪರಿಶಿಷ್ಟ ಪಟ್ಟಿಯಲ್ಲಿ ಇರೋವು, ಇದನ್ನ ನಾವು ಮುಚ್ಚಿಡಬಾರದು. ಆ ಇಬ್ಬರಿಗೆ ಯಾವ ದೇಶದ ವೀಸಾನೂ ಬೇಕಾಗಿರಲಿಲ್ಲ. ತಮ್ಮ ಊರಿನೊಳಗೆ ಬದುಕುವ ಪರವಾನಗಿ ಬೇಕಿತ್ತು, ಅದು ಸಿಗಲಿಲ್ಲ. ‘ಆಕೆ ನಿನಗೆ ಏನಾಗಬೇಕು?’ ಅನ್ನೋ ಪ್ರಶ್ನೆಯನ್ನು ಕಾನ್ಸುಲೇಟಿಗಿಂತ ಮೊದಲು ನಮ್ಮ ಅಗಸಿಯೇ ಕೇಳ್ತದ.

ವಿದೇಶಿ ಸೊಸೆ ಬಂದರೆ ಬ್ಯಾಂಡು ಹಚ್ಚಿ, ಮೇಲಿನ ಕೇರಿಯವರೂ ಬಂದು ಫೋಟೋ ತೆಗೆಸಿಕೊಳ್ತಾರೆ. ಪಕ್ಕದ ಓಣಿಯಿಂದ ಸೊಸೆ ಬಂದರೆ ಕಲ್ಲು ಎತ್ತುತಾರೆ. ಜಾತಿ ನಾಶಕ್ಕೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಹೇಳಿದ್ದು ಓಣಿಯ ಸೊಸೆಗೂ, ಸಮುದ್ರದಾಚೆಯ ಸೊಸೆಗೂ ಒಂದೇ ಅಳತೆ ಇರಲಿ ಅಂತ.

ಇನ್ನು ಕೆಲಸದ ಮಾತು, ಬರೆದಿಟ್ಟುಕೊಳ್ರಿ.

ಸಂಗಾತಿ ಇಲ್ಲಿಗೆ ಬರೋದಾದರೆ, ಇ-ಟೂರಿಸ್ಟ್ ವೀಸಾ 30 ದಿನದ್ದು, 1 ವರ್ಷದ್ದು, 5 ವರ್ಷದ್ದು ಅಂತ ಇದಾವೆ. ಬರೋದು ಮದುವೆಗಾದರೆ ಯಾವ ವೀಸಾ ಬೇಕು ಅಂತ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳ್ರಿ. ಸರ್ಕಾರದ ವೆಬ್‌ಸೈಟಿನಲ್ಲೇ ಅರ್ಜಿ ಹಾಕ್ರಿ, ಏಜೆಂಟರ ಕೈಗೆ ರೊಕ್ಕ ಕೊಡಬ್ಯಾಡ್ರಿ. ಮನೆಯಲ್ಲಿ ಇಟ್ಟುಕೊಂಡರೂ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ‘ಫಾರ್ಮ್ ಸಿ’ ಅಂತ ಮಂದಿ ಕರೆಯೋದು ಇದನ್ನೇ. 2025ರ ಸೆಪ್ಟೆಂಬರಿನಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ, ಹುಷಾರಾಗಿರ್ರಿ.

ಮದುವೆಯಾದರೆ ಸಂಗಾತಿಗೆ ಎಕ್ಸ್ ವೀಸಾ ಕೇಳಬಹುದು. ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಒಸಿಐ ಕಾರ್ಡಿಗೆ ಹಾಕಬಹುದು.

ನಮ್ಮವರು ಅಲ್ಲಿಗೆ ಹೋಗೋದಾದರೆ, ಇಲ್ಲದ ಆಸ್ತಿ ತೋರಿಸಬ್ಯಾಡ್ರಿ, ಸುಳ್ಳು ಕಾಗದ ಬದುಕಿಡೀ ಬೆನ್ನು ಹತ್ತತದ. ನೌಕರಿಯ ಪತ್ರ, ರಜೆ ಮಂಜೂರಾತಿ, ಮುಂಚಿನ ವೀಸಾ ಮುಗಿಯುವ ಮೊದಲು ವಾಪಸ್ ಬಂದ ಮುದ್ರೆ, ಇಬ್ಬರೂ ಜೊತೆಗಿರುವ ಪುರಾವೆ, ಅಪ್ಪ-ಅವ್ವನ ಜವಾಬ್ದಾರಿ, ಇವೇ ನಮ್ಮ ಬೇರು. ತಿರಸ್ಕಾರದ ಪತ್ರ ಹರಿದು ಒಗೀಬ್ಯಾಡ್ರಿ. ಅದರಲ್ಲಿರುವ ಕಾರಣಕ್ಕೆ ಒಂದೊಂದಾಗಿ ಉತ್ತರ ಬರೆದು ಮತ್ತೆ ಹಾಕ್ರಿ. ನಮ್ಮ ಹುಡುಗನೂ ಹಾಕ್ತಾ ಇದಾನೆ.

ಊರಿನಲ್ಲಿ ಜಾತಿ ಮೀರಿದ ಜೋಡಿಗೆ ಬೆದರಿಕೆ ಇದ್ದರೆ, 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪೊಲೀಸರು ರಕ್ಷಣೆ ಕೊಡಲೇಬೇಕು, ಜಿಲ್ಲೆಗೊಂದು ವಿಶೇಷ ಘಟಕ, ಸಹಾಯವಾಣಿ ಇರಬೇಕು ಅಂದಿದೆ. ಗದಗ ಜಿಲ್ಲೆಯಲ್ಲಿ ಆ ಘಟಕ ಏನು ಕೆಲಸ ಮಾಡ್ತಿದೆ ಅಂತ ಕೇಳಿ ಎಸ್ಪಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ತಯಾರು ಮಾಡಿದ್ದೇನೆ. ಮೂರೂ ತಾಲೂಕಿನಿಂದ ಒಬ್ಬೊಬ್ಬರು ಇದೇ ಅರ್ಜಿ ಹಾಕಲು ಮುಂದೆ ಬರ್ರಿ. ನಮೂನೆ ಇನ್‌ಬಾಕ್ಸಿನಲ್ಲಿ ಕಳಿಸ್ತೀನಿ, ಹತ್ತು ರೂಪಾಯಿ ಫೀ ಅಷ್ಟೇ.

ಜೈ ಭೀಮ್.