ಹಾಲುಹಲ್ಲು ಹುಳುಕಾದರೆ ಕೀಳಿಸುವುದೊಂದೇ ದಾರಿಯಲ್ಲ

'ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಚಿಕಿತ್ಸೆ?' ಮಕ್ಕಳ ಹಲ್ಲು ಹುಳುಕಾದಾಗ ಬಹುತೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಬಾಚಿಹಲ್ಲುಗಳು ಆರೇಳನೇ ವಯಸ್ಸಿನಲ್ಲಿ ಬೀಳುವುದು ನಿಜ. ಆದರೆ ಹಾಲುಹಲ್ಲುಗಳಲ್ಲಿ ಸೇರಿರುವ ದವಡೆಹಲ್ಲುಗಳು ಬೀಳುವುದು ಸುಮಾರು 10ರಿಂದ 12ನೇ ವಯಸ್ಸಿನಲ್ಲಿ. ನಾಲ್ಕು ವರ್ಷದ ಮಗುವಿನ ದವಡೆಹಲ್ಲು ಹಾಳಾದರೆ, ಮಗು ಇನ್ನೂ ಆರೇಳು ವರ್ಷ ಅದರಿಂದಲೇ ಅಗಿದು ತಿನ್ನಬೇಕು. ಈ ಲೆಕ್ಕ ತಿಳಿಯದೆ ಕಾಯುವ ಪೋಷಕರು, ಮುಖ ಊದಿಕೊಂಡು ಮಗು ರಾತ್ರಿಯಿಡೀ ಅತ್ತ ಮೇಲೆ ವೈದ್ಯರ ಬಳಿಗೆ ಬರುತ್ತಾರೆ. ಆ ವೇಳೆಗೆ ಸುಲಭದ ಚಿಕಿತ್ಸೆಗಳ ಕಾಲ ಮೀರಿರುತ್ತದೆ.

ಸಮಸ್ಯೆಯ ವ್ಯಾಪ್ತಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 51.4 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಿಗೆ ತುತ್ತಾಗಿವೆ. ಭಾರತದಲ್ಲಿ 2002-03ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಶೇ 51.9ರಷ್ಟು ಮಂದಿಗೆ ಹುಳುಕು ಇರುವುದು ಕಂಡುಬಂದಿತ್ತು.

ಹುಳವಲ್ಲ, ಆಮ್ಲ

ಹೆಸರಿನಲ್ಲಿ ಹುಳುವಿದ್ದರೂ ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಸಕ್ಕರೆಯನ್ನು ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಹಲ್ಲಿನ ಮೇಲಿನ ಪಿಎಚ್ ಪ್ರಮಾಣ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಎಂಬ ಹೊರಕವಚದ ಖನಿಜಾಂಶ ಕರಗತೊಡಗುತ್ತದೆ. ಜೊಲ್ಲು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಪದೇ ಪದೇ ಸಿಹಿ ತಿನ್ನುವ ಮಗುವಿಗೆ ಈ ದುರಸ್ತಿಗೆ ಬಿಡುವೇ ಸಿಗುವುದಿಲ್ಲ. ಒಟ್ಟು ಎಷ್ಟು ಸಿಹಿ ತಿಂದಿತು ಎಂಬಷ್ಟೇ, ದಿನಕ್ಕೆ ಎಷ್ಟು ಸಲ ತಿಂದಿತು ಎಂಬುದೂ ಮುಖ್ಯವಾಗುವುದು ಈ ಕಾರಣಕ್ಕೆ.

ಬಾಟಲಿಯಲ್ಲಿ ಸಕ್ಕರೆ ಬೆರೆಸಿದ ಹಾಲು ಕುಡಿಯುತ್ತಲೇ ನಿದ್ರೆಗೆ ಜಾರುವ ಮಕ್ಕಳಲ್ಲಿ ಮೊದಲು ಹಾಳಾಗುವುದು ಮೇಲಿನ ಬಾಚಿಹಲ್ಲುಗಳು. ಕೆಳಗಿನ ಬಾಚಿಹಲ್ಲುಗಳಿಗೆ ನಾಲಿಗೆ ಮತ್ತು ಜೊಲ್ಲಿನ ರಕ್ಷಣೆ ಇರುವುದರಿಂದ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ.

ಏಕೆ ಉಳಿಸಬೇಕು?

ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದಕ್ಕಿಂತ ತೆಳು. ನರ ಮತ್ತು ರಕ್ತನಾಳಗಳಿರುವ ಒಳಗಿನ ತಿರುಳು ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದ ಹುಳುಕು ವೇಗವಾಗಿ ನರವನ್ನು ತಲುಪುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿಕೊಂಡರೆ, ಅದರ ಬುಡದಲ್ಲೇ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮಲ್ ಮೇಲೆ ಕಲೆ ಅಥವಾ ಕುಳಿ ಉಳಿಯುವ ಸಾಧ್ಯತೆಯಿದೆ.

ಹಾಲುಹಲ್ಲಿಗೆ ಇನ್ನೊಂದು ಹೊಣೆಯೂ ಇದೆ. ಮುಂದೆ ಬರಲಿರುವ ಹಲ್ಲಿಗೆ ಅದು ಜಾಗ ಕಾದಿಡುತ್ತದೆ. ದವಡೆಹಲ್ಲನ್ನು ಅವಧಿಗೆ ಮುನ್ನ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗದತ್ತ ವಾಲುತ್ತವೆ. ಜಾಗ ಸಿಗದ ಶಾಶ್ವತ ಹಲ್ಲು ಸೊಟ್ಟಗೆ ಹುಟ್ಟುತ್ತದೆ ಅಥವಾ ಒಳಗೇ ಉಳಿಯುತ್ತದೆ.

ಪೋಷಕರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಸುಮಾರು ಆರನೇ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದೇ ತಿಳಿದು ನಿರ್ಲಕ್ಷಿಸುವವರು ಅನೇಕರು. ಇದು ಹೋದರೆ ಮತ್ತೊಂದು ಹುಟ್ಟುವುದಿಲ್ಲ.

ಹಂತಕ್ಕೆ ತಕ್ಕ ಚಿಕಿತ್ಸೆ

ಬಿಳಿ ಕಲೆ: ವಸಡಿನ ಅಂಚಿನಲ್ಲಿ ಕಾಣುವ ಸುಣ್ಣದಂತಹ ಬಿಳಿ ಗೆರೆ ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ಕೊರೆಯುವ ಅಗತ್ಯವಿಲ್ಲ. ಫ್ಲೋರೈಡ್ ವಾರ್ನಿಷ್ ಲೇಪನ, ಆಹಾರದಲ್ಲಿ ಬದಲಾವಣೆ ಮತ್ತು ಸರಿಯಾದ ಹಲ್ಲುಜ್ಜುವಿಕೆಯಿಂದ ಹಾನಿಯನ್ನು ತಡೆದು ನಿಲ್ಲಿಸಬಹುದು. ದವಡೆಹಲ್ಲುಗಳ ಆಳವಾದ ಗೆರೆಗಳನ್ನು ಸೀಲಂಟ್ ಎಂಬ ಲೇಪನದಿಂದ ಮುಚ್ಚುವುದೂ ಉಂಟು.

ಸಣ್ಣ ಕುಳಿ: ಹಾಳಾದ ಭಾಗವನ್ನು ತೆಗೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ಅಥವಾ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಲಾಗುತ್ತದೆ. ಗ್ಲಾಸ್ ಅಯಾನೊಮರ್ ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. ವಿದ್ಯುತ್ ಯಂತ್ರವಿಲ್ಲದೆ ಕೈ ಉಪಕರಣದಿಂದಲೇ ಕುಳಿ ಸ್ವಚ್ಛಗೊಳಿಸಿ ಇದನ್ನು ತುಂಬುವ ವಿಧಾನ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡಿತು. ಹಿಂದೆ ಬಳಕೆಯಲ್ಲಿದ್ದ ಪಾದರಸಯುಕ್ತ ಬೆಳ್ಳಿ ಮಿಶ್ರಣವನ್ನು ಹಾಲುಹಲ್ಲಿಗೆ ಹಾಗೂ 15 ವರ್ಷದೊಳಗಿನವರಿಗೆ ಬಳಸದಂತೆ ಮಿನಮಾಟ ಒಪ್ಪಂದದ ಸದಸ್ಯ ರಾಷ್ಟ್ರಗಳು 2022ರಲ್ಲಿ ತೀರ್ಮಾನಿಸಿದವು. ವೈದ್ಯರು ಅನಿವಾರ್ಯವೆಂದು ಕಂಡರೆ ಮಾತ್ರ ವಿನಾಯಿತಿ.

ಕೊರೆಯದ ದಾರಿ: ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರಾವಣವನ್ನು ಹುಳುಕಿನ ಮೇಲೆ ಹಚ್ಚಿದರೆ ಅದು ಮುಂದುವರಿಯುವುದು ನಿಲ್ಲುವ ಸಾಧ್ಯತೆ ಹೆಚ್ಚು. ಯಂತ್ರವಿಲ್ಲ, ಚುಚ್ಚುಮದ್ದಿಲ್ಲ. ಆದರೆ ಹಾಳಾದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ಪೋಷಕರು ಮೊದಲೇ ತಿಳಿದು ಒಪ್ಪಿರಬೇಕು. ಈ ದ್ರಾವಣ ಮತ್ತು ಗ್ಲಾಸ್ ಅಯಾನೊಮರ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಲೋಹದ ಕ್ಯಾಪ್: ದವಡೆಹಲ್ಲಿನ ಎರಡು ಮೂರು ಬದಿ ಹಾಳಾಗಿದ್ದರೆ ಬರೀ ಸಿಮೆಂಟ್ ನಿಲ್ಲುವುದು ಕಷ್ಟ. ಆಗ ಸಿದ್ಧ ಅಳತೆಗಳಲ್ಲಿ ಸಿಗುವ ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪ್ ತೊಡಿಸಲಾಗುತ್ತದೆ. ಹಲ್ಲು ಬೀಳುವಾಗ ಕ್ಯಾಪ್ ಕೂಡ ಅದರೊಂದಿಗೇ ಬೀಳುತ್ತದೆ. ನರಕ್ಕೆ ತೊಂದರೆಯಾಗಿರದಿದ್ದರೆ, ಹಲ್ಲನ್ನು ಕೊರೆಯದೆ ಹುಳುಕಿನ ಮೇಲೆಯೇ ಕ್ಯಾಪ್ ಕೂರಿಸುವ ಕ್ರಮವೂ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅನುಸರಿಸಿದ ಈ ಕ್ರಮ 'ಹಾಲ್ ವಿಧಾನ' ಎಂದೇ ಹೆಸರಾಗಿದೆ. ಒಳಗೆ ಮುಚ್ಚಿಹೋದ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗದೆ ಹುಳುಕು ಸ್ತಬ್ಧವಾಗುತ್ತದೆ. ಮುಂಭಾಗದ ಹಲ್ಲುಗಳಿಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ಅಥವಾ ಜಿರ್ಕೋನಿಯಾ ಕ್ಯಾಪ್‌ಗಳು ಲಭ್ಯ.

ನರಕ್ಕೆ ತಲುಪಿದಾಗ: ತಣ್ಣನೆಯದು, ಸಿಹಿ ತಗುಲಿದಾಗ ಮಾತ್ರ ಕ್ಷಣಕಾಲ ಬರುವ ನೋವು ಒಂದು ಹಂತ. ಕಾರಣವಿಲ್ಲದೆ ನಡುರಾತ್ರಿ ಎಬ್ಬಿಸುವ ನೋವು ಅದರ ಮುಂದಿನ ಹಂತ. ಸೋಂಕು ತಿರುಳಿನ ಮೇಲ್ಭಾಗದಲ್ಲಷ್ಟೇ ಇದ್ದರೆ ಆ ಭಾಗವನ್ನು ತೆಗೆದು ಬೇರಿನ ನರವನ್ನು ಜೀವಂತವಾಗಿ ಉಳಿಸುವ ಪಲ್ಪಾಟಮಿ ಮಾಡುತ್ತಾರೆ. ಬೇರಿನವರೆಗೂ ಹಬ್ಬಿದ್ದರೆ ಪೂರ್ಣ ತಿರುಳನ್ನು ತೆಗೆಯುವ ಪಲ್ಪೆಕ್ಟಮಿ ಅಗತ್ಯ. ಇದು ಮಕ್ಕಳ ರೂಟ್ ಕೆನಾಲ್. ದೊಡ್ಡವರ ಬೇರಿಗೆ ತುಂಬುವ ರಬ್ಬರಿನಂತಹ ವಸ್ತುವನ್ನು ಇಲ್ಲಿ ಬಳಸುವುದಿಲ್ಲ. ಹಾಲುಹಲ್ಲಿನ ಬೇರು ಕರಗುತ್ತ ಬಂದಂತೆ ತಾನೂ ಕರಗುವ ಪೇಸ್ಟನ್ನು ತುಂಬುತ್ತಾರೆ. ಎರಡೂ ಚಿಕಿತ್ಸೆಗಳ ನಂತರ ದವಡೆಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಹಾಕಲಾಗುತ್ತದೆ.

ಉಳಿಸಲಾಗದಿದ್ದರೆ: ಕೀಳುವುದು ಕೊನೆಯ ಆಯ್ಕೆ. ಶಾಶ್ವತ ಹಲ್ಲು ಬರಲು ಇನ್ನೂ ಬಹಳ ಕಾಲವಿದ್ದರೆ ಸ್ಪೇಸ್ ಮೇಂಟೇನರ್ ಎಂಬ ಸಣ್ಣ ತಂತಿ ಸಾಧನವನ್ನು ಕೂರಿಸಿ ಖಾಲಿ ಜಾಗವನ್ನು ಕಾಯ್ದಿರಿಸಬೇಕಾಗಬಹುದು.

ಪೆಟ್ಟು ಬಿದ್ದಾಗ

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಹೊರಬಂದರೆ ಅದನ್ನು ಬಿಸಾಡಬಾರದು. ಬೇರನ್ನು ಮುಟ್ಟದೆ ಮೇಲ್ಭಾಗವನ್ನಷ್ಟೇ ಹಿಡಿದು, ಕೊಳೆಯಾಗಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಕೂಡಲೇ ಸ್ವಸ್ಥಾನದಲ್ಲಿ ಕೂರಿಸುವುದು ಉತ್ತಮ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ತಡಮಾಡದೆ ದಂತವೈದ್ಯರ ಬಳಿಗೆ ಒಯ್ಯಬೇಕು. ಹೊರಬಿದ್ದ ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಕೆಳಗಿರುವ ಶಾಶ್ವತ ಹಲ್ಲಿಗೆ ಅದರಿಂದ ಹಾನಿಯಾದೀತು. ಮುರಿದ ತುಂಡು ಸಿಕ್ಕಿದ್ದರೆ ಅದನ್ನೂ ಜೊತೆಗೆ ಕೊಂಡೊಯ್ಯಬೇಕು. ಎಷ್ಟೋ ವೇಳೆ ಅದನ್ನೇ ಮತ್ತೆ ಅಂಟಿಸಲು ಸಾಧ್ಯ.

ಭಯ ಮತ್ತು ಎಚ್ಚರಿಕೆ

'ಹೇಳು, ತೋರಿಸು, ಮಾಡು' ಎಂಬುದು ಮಕ್ಕಳ ದಂತವೈದ್ಯರ ಮೂಲಸೂತ್ರ. ಉಪಕರಣವನ್ನು ಮೊದಲು ವಿವರಿಸಿ, ಮುಟ್ಟಿ ನೋಡಲು ಬಿಟ್ಟು, ನಂತರ ಬಳಸುತ್ತಾರೆ. 'ಸುಮ್ಮನಿರದಿದ್ದರೆ ಡಾಕ್ಟರ್ ಸೂಜಿ ಚುಚ್ಚುತ್ತಾರೆ' ಎಂದು ಮನೆಯಲ್ಲಿ ಹೆದರಿಸುವ ರೂಢಿ ಈ ಪ್ರಯತ್ನವನ್ನೆಲ್ಲ ವ್ಯರ್ಥಗೊಳಿಸುತ್ತದೆ. ತೀರಾ ಚಿಕ್ಕ ಮಗುವಿನ ಹಲವು ಹಲ್ಲುಗಳು ಹಾಳಾಗಿದ್ದರೆ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ನೀಡಿ ಒಂದೇ ಬಾರಿಗೆ ಚಿಕಿತ್ಸೆ ಮುಗಿಸುವುದೂ ಉಂಟು.

ಮರಗಟ್ಟುವ ಚುಚ್ಚುಮದ್ದು ಪಡೆದ ಮಗು ಅರಿವಿಲ್ಲದೆ ತುಟಿ, ಕೆನ್ನೆ ಕಚ್ಚಿಕೊಳ್ಳಬಹುದು. ಸ್ಪರ್ಶಜ್ಞಾನ ಮರಳುವವರೆಗೆ ಒಂದೆರಡು ಗಂಟೆ ನಿಗಾ ಇಡಬೇಕು. ನೋವಿನ ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಬುಡದಲ್ಲಿಡುವುದು ತಪ್ಪು, ಇದರಿಂದ ವಸಡು ಸುಡುತ್ತದೆ. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಿ ಚಿಕಿತ್ಸೆ?

ಬಿಡಿಎಸ್ ನಂತರ ಮಕ್ಕಳ ದಂತವೈದ್ಯ ವಿಷಯದಲ್ಲಿ ಮೂರು ವರ್ಷಗಳ ಎಂಡಿಎಸ್ ಮಾಡಿದವರು ಈ ಕ್ಷೇತ್ರದ ತಜ್ಞರು. ರಾಜ್ಯದಲ್ಲಿ ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜುಗಳಿವೆ. ಮೈಸೂರು, ಮಂಗಳೂರು, ಧಾರವಾಡ, ದಾವಣಗೆರೆ ಮುಂತಾದ ನಗರಗಳ ಖಾಸಗಿ ದಂತ ಕಾಲೇಜುಗಳಲ್ಲಿಯೂ ಚಿಕಿತ್ಸೆ ಲಭ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ.

ಮೊದಲ ಹಲ್ಲಿನಿಂದಲೇ ಆರೈಕೆ

ಮೊದಲ ಹಲ್ಲು ಮೂಡಿದಂದಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜಿಸಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಕೋಲಾರ, ರಾಯಚೂರು, ಕೊಪ್ಪಳದಂತಹ ಜಿಲ್ಲೆಗಳ ಕೆಲವು ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದರಿಂದ ಅಲ್ಲಿನವರು ಪೇಸ್ಟಿನ ಆಯ್ಕೆಗೆ ಮುನ್ನ ವೈದ್ಯರನ್ನು ಕೇಳುವುದು ಒಳಿತು. ರಾತ್ರಿ ಹಲ್ಲುಜ್ಜಿದ ಮೇಲೆ ನೀರಿನ ಹೊರತು ಬೇರೇನನ್ನೂ ಕೊಡಬಾರದು. ಏಳೆಂಟು ವರ್ಷದವರೆಗೆ ಹಲ್ಲುಜ್ಜುವ ಕೆಲಸ ದೊಡ್ಡವರ ಮೇಲ್ವಿಚಾರಣೆಯಲ್ಲೇ ನಡೆಯಬೇಕು.

ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಮೊದಲ ದಂತ ತಪಾಸಣೆ ಆಗಬೇಕೆಂಬುದು ತಜ್ಞರ ಸಲಹೆ. ನೋವಿಲ್ಲದಾಗ ಮಾಡಿಸುವ ತಪಾಸಣೆಯಲ್ಲಿ ಬಿಳಿ ಗೆರೆ ಕಣ್ಣಿಗೆ ಬೀಳುತ್ತದೆ, ಲೇಪನದಲ್ಲೇ ಕೆಲಸ ಮುಗಿಯುತ್ತದೆ. ನೋವು ಬಂದ ಮೇಲೆ ಹೋದರೆ ಉಳಿಯುವುದು ಹೆಚ್ಚಾಗಿ ನರದ ಚಿಕಿತ್ಸೆ ಇಲ್ಲವೇ ಇಕ್ಕಳ.