ಮಾನ್ಯಖೇಟದ ಹಾರ, ಬಸ್ರಾದ ನಿಘಂಟು: ಕ್ರಮ ಮತ್ತು ಆಯ್ಕೆಯ ಎಣಿಕೆಯ ಇತಿಹಾಸ



ಈ ಜಾಗದಲ್ಲಿ ಸಾಮಾನ್ಯವಾಗಿ ಸಾಹಿತಿಗಳು ನಿಂತು ಮಾತಾಡುತ್ತಾರೆ. ಈ ಸಲ ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಕರೆದಿದ್ದೀರಿ. ಆದ್ದರಿಂದ ನನಗೆ ಗೊತ್ತಿರುವ ಲೆಕ್ಕದ ದಾರಿ ಹಿಡಿದೇ ನಾಡಿನ ಇತಿಹಾಸಕ್ಕೆ ಬರುತ್ತೇನೆ. ವಿಷಯ ಹೈಸ್ಕೂಲಿನದು. ಇಂಗ್ಲಿಷ್ ಮಾಧ್ಯಮದವರಿಗೆ ಪರ್ಮ್ಯುಟೇಶನ್, ಕಾಂಬಿನೇಶನ್, ಫ್ಯಾಕ್ಟೋರಿಯಲ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕ್ರಮಯೋಜನೆ ಮತ್ತು ವಿಕಲ್ಪ. ನಮ್ಮ ಮಕ್ಕಳಿಗೆ ಇದು ಕ್ಯಾಲ್ಕುಲೇಟರಿನ ಮೇಲಿರುವ ಒಂದು ಗುಂಡಿ, ಅಷ್ಟೇ. ಆ ಗುಂಡಿಯ ಹಿಂದೆ ಕಲಬುರಗಿ ಜಿಲ್ಲೆಯ ಒಂದು ಊರಿದೆ. ನಾವು ದುಡಿಯುತ್ತಿರುವ ಈ ಒಮಾನ್ ದೇಶದ ಒಂದು ಹೆಸರೂ ಇದೆ.

ಲೆಕ್ಕ ಮರೆತವರಿಗಾಗಿ ಮೊದಲು ಒಂದು ಉದಾಹರಣೆ. ರೂವಿಯಲ್ಲಿ ಒಂದು ರೂಮು, ಅದರಲ್ಲಿ ಆರು ಜನ. ಶುಕ್ರವಾರ ಹೊರಗೆ ಊಟ, ಉಳಿದ ಆರು ದಿನ ಒಬ್ಬೊಬ್ಬರದು ಒಂದೊಂದು ದಿನ ಅಡುಗೆ ಪಾಳಿ. ಪಾಳಿಯ ಪಟ್ಟಿಯನ್ನು ಎಷ್ಟು ಬಗೆಯಲ್ಲಿ ಬರೆಯಬಹುದು? ಮೊದಲ ದಿನಕ್ಕೆ ಆರು ಜನರಲ್ಲಿ ಯಾರಾದರೂ ಆಗಬಹುದು. ಎರಡನೇ ದಿನಕ್ಕೆ ಉಳಿದ ಐವರಲ್ಲಿ ಒಬ್ಬರು, ಮೂರನೇ ದಿನಕ್ಕೆ ನಾಲ್ವರಲ್ಲಿ ಒಬ್ಬರು. ಹೀಗೆ 6×5×4×3×2×1, ಅಂದರೆ 720. ಇದೇ ಆರರ ಫ್ಯಾಕ್ಟೋರಿಯಲ್.

ಈಗ ಪ್ರಶ್ನೆ ಸ್ವಲ್ಪ ಬದಲಾಗಲಿ. ಸಾಮಾನು ತರಲು ಇಬ್ಬರು ಹೋಗಬೇಕು. ಮೊದಲನೆಯವರನ್ನು 6 ರೀತಿ, ಎರಡನೆಯವರನ್ನು 5 ರೀತಿ ಆರಿಸಬಹುದು, ಒಟ್ಟು 30. ಆದರೆ ರಮೇಶ–ಇಕ್ಬಾಲ್ ಹೋದರೂ ಇಕ್ಬಾಲ್–ರಮೇಶ ಹೋದರೂ ಜೋಡಿ ಒಂದೇ. ಪ್ರತಿ ಜೋಡಿ ಎರಡು ಸಲ ಎಣಿಕೆಗೆ ಬಂದಿದೆ, ಹಾಗಾಗಿ ಎರಡರಿಂದ ಭಾಗಿಸಿದರೆ 15. ಇಡೀ ಅಧ್ಯಾಯದ ತಿರುಳು ಇಷ್ಟೇ. ಕ್ರಮ ಮುಖ್ಯವಾದರೆ ಗುಣಿಸುತ್ತಾ ಹೋಗಿ. ಕ್ರಮ ಮುಖ್ಯವಲ್ಲದಿದ್ದರೆ, ಒಂದೇ ಗುಂಪು ಎಷ್ಟು ಸಲ ಲೆಕ್ಕಕ್ಕೆ ಬಂತೋ ಅಷ್ಟರಿಂದ ಭಾಗಿಸಿ. ಒಂದೇ ಬಿಲ್ಲನ್ನು ಎರಡು ಸಲ ಎಣಿಸಬಾರದು ಎಂದು ನಾವು ಆಡಿಟ್‌ನಲ್ಲಿ ನೋಡುವುದೂ ಇದನ್ನೇ.

ಈ ಭಾಗಾಕಾರದ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟ ಒಂದು ಪುಸ್ತಕ ನೃಪತುಂಗನ ಕಾಲದ್ದು. ಕ್ರಿ.ಶ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಎಂದರೆ ನಮಗೆಲ್ಲ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಭಾಷೆ ಸಂಸ್ಕೃತ, ಧರ್ಮ ಜೈನ. ಗ್ರಂಥದ ಆರಂಭದಲ್ಲೇ ಅಮೋಘವರ್ಷನ ಪ್ರಶಂಸೆ ಇದೆ. ಅವನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು.

ಆಚಾರ್ಯರ ನಿಯಮ ಹೀಗಿದೆ. ವಸ್ತುಗಳು ಎಷ್ಟಿವೆಯೋ ಅಲ್ಲಿಯವರೆಗಿನ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ನೇರವಾಗಿ ಬರೆಯಬೇಕು, ಅದರ ಕೆಳಗೆ ಅವನ್ನೇ ತಿರುಗಿಸಿ ಬರೆಯಬೇಕು. ಆರು ವಸ್ತುಗಳಾದರೆ ಮೇಲೆ 1, 2, 3, 4, 5, 6. ಕೆಳಗೆ 6, 5, 4, 3, 2, 1. ಬಲಗಡೆಯಿಂದ ಎಡಕ್ಕೆ ಬರುತ್ತಾ ಮೇಲಿನವನ್ನು ಗುಣಿಸಿ, ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಒಂದನ್ನು ಆರಿಸಲು 6÷1, ಅಂದರೆ 6. ಎರಡನ್ನು ಆರಿಸಲು 6×5 ಭಾಗಿಸು 1×2, ಅಂದರೆ 15: ನಮ್ಮ ರೂಮಿನ ಲೆಕ್ಕ. ಮೂರನ್ನು ಆರಿಸಲು 20. ಹೀಗೆ 6, 15, 20, 15, 6, 1, ಒಟ್ಟು 63. ಆಚಾರ್ಯರು ಇದನ್ನು ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳ ಮೇಲೆ ಕೇಳುತ್ತಾರೆ. ಇನ್ನೊಂದು ಪ್ರಶ್ನೆಯಲ್ಲಿ ವಜ್ರ, ನೀಲ, ಪಚ್ಚೆ, ಹವಳ, ಮುತ್ತು ಎಂಬ ಐದು ರತ್ನಗಳಿಂದ ಒಂದೆಳೆಯ ಹಾರ ಎಷ್ಟು ಬಗೆ ಎಂದು ಕೇಳುತ್ತಾರೆ. ಉತ್ತರ 31.

ಲೆಕ್ಕಿಗನಾಗಿ ನನಗೆ ಹೆಚ್ಚು ಹಿಡಿಸಿದ್ದು ಈ ನಿಯಮ ಇರುವ ಜಾಗ. ಅದು ‘ಮಿಶ್ರಕ ವ್ಯವಹಾರ’ ಎಂಬ ಅಧ್ಯಾಯದಲ್ಲಿದೆ. ಸಾಲದ ಬಡ್ಡಿ, ಪಾಲುದಾರರಲ್ಲಿ ಹಂಚಿಕೆ, ಬೇರೆಬೇರೆ ಬಣ್ಣದ ಚಿನ್ನ ಬೆರೆಸಿದಾಗಿನ ಲೆಕ್ಕ ಎಲ್ಲವೂ ಇರುವ ಅಧ್ಯಾಯವೇ ಅದು. ಪೇಟೆಯ ಲೆಕ್ಕದ ನಡುವೆ ರತ್ನಹಾರದ ಪ್ರಶ್ನೆ ಕೂತಿದೆ. ಈಗಲೂ ಅದರ ಜಾಗ ಅಲ್ಲೇ ಇದೆ. ಗಿರಾಕಿಯೊಬ್ಬರು ಯಾವ ಬಿಲ್ಲಿನ ಹಣ ಎಂದು ಹೇಳದೆ ಒಟ್ಟಿಗೆ ಒಂದು ಮೊತ್ತ ಬ್ಯಾಂಕಿಗೆ ಹಾಕಿದ್ದಾರೆ ಎಂದುಕೊಳ್ಳಿ. ಬಾಕಿ 5 ಬಿಲ್ಲುಗಳಿದ್ದರೆ ನೋಡಬೇಕಾದ ಜೋಡಣೆಗಳು 31, ಆಚಾರ್ಯರ ಹಾರದಷ್ಟೇ. 10 ಬಿಲ್ಲುಗಳಿದ್ದರೆ 1,023. 20 ಆದರೆ 10,48,575. ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವರು ‘ಬಿಲ್ ನಂಬರ್ ಬರೆದು ಕಳಿಸಿ’ ಎಂದು ಯಾಕೆ ಅಷ್ಟು ಗೋಗರೆಯುತ್ತಾರೆ ಎಂಬುದಕ್ಕೆ ಕಾರಣ ಇದೇ.

ಈ ಎಣಿಕೆ ಮಹಾವೀರಾಚಾರ್ಯರಿಂದ ಶುರುವಾದದ್ದಲ್ಲ. ಜೈನರ ಹಳೆಯ ಆಗಮ ‘ಸ್ಥಾನಾಂಗ ಸೂತ್ರ’ ಗಣಿತದ ಹತ್ತು ವಿಷಯಗಳನ್ನು ಪಟ್ಟಿ ಮಾಡುವಾಗ ಕೊನೆಯದಾಗಿ ‘ವಿಕಪ್ಪ’ ಎನ್ನುತ್ತದೆ. ಸಂಸ್ಕೃತದಲ್ಲಿ ಅದೇ ವಿಕಲ್ಪ. ಕನ್ನಡ ಮಾಧ್ಯಮದ ಹುಡುಗರು ಪುಸ್ತಕದಲ್ಲಿ ಓದಿದ ಪದ ಇಷ್ಟು ಹಳೆಯದು. ಇನ್ನೊಂದು ಬೇರು ಛಂದಸ್ಸಿನಲ್ಲಿದೆ. ‘ಯಮಾತಾರಾಜಭಾನಸಲಗಂ’ ಎಂದು ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯೇ? ಮೂರು ಅಕ್ಷರದ ಗಣಗಳು ಎಂಟೇ ಏಕೆ, ಒಂಬತ್ತು ಏಕಿಲ್ಲ? ಪ್ರತಿ ಅಕ್ಷರ ಲಘು ಅಥವಾ ಗುರು, 2×2×2, ಎಂಟು. ಪಿಂಗಳನ ಛಂದಶ್ಶಾಸ್ತ್ರ ಇಂಥ ಜೋಡಣೆಗಳನ್ನೆಲ್ಲ ಒಂದೂ ಬಿಡದೆ ಸಾಲಾಗಿ ಬರೆಯುವ ಪ್ರಸ್ತಾರವನ್ನು ಹೇಳಿಕೊಟ್ಟಿತು. 10ನೇ ಶತಮಾನದಲ್ಲಿ ಒಂದನೇ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಛಂದಸ್ಸಿನ ಶಾಸ್ತ್ರವನ್ನು ಕನ್ನಡದಲ್ಲೇ ಬರೆದ. ಪದ್ಯ ಬರೆಯುವವರಿಗೂ ಬಡ್ಡಿ ಎಣಿಸುವವರಿಗೂ ಬೇಕಾದ ಲೆಕ್ಕ ಒಂದೇ ಆಗಿತ್ತು.

ಇನ್ನು ಕಡಲಿನ ಈ ಕಡೆಗೆ ಬರೋಣ. ಮಹಾವೀರಾಚಾರ್ಯರಿಗಿಂತ ಹಿಂದೆ, 8ನೇ ಶತಮಾನದಲ್ಲಿ, ಬಸ್ರಾದಲ್ಲಿ ಅಲ್-ಖಲೀಲ್ ಇಬ್ನ್ ಅಹ್ಮದ್ ಅಲ್-ಫರಾಹಿದಿ ಎಂಬ ವಿದ್ವಾಂಸರಿದ್ದರು. ಒಮಾನಿನ ಅಜ್ದ್ ಬುಡಕಟ್ಟಿನವರು. ಅರಬ್ಬಿ ಛಂದಸ್ಸಿಗೆ ಶಾಸ್ತ್ರ ಕಟ್ಟಿದವರು ಅವರೇ. ‘ಕಿತಾಬ್ ಅಲ್-ಐನ್’ ಎಂಬ ಅರಬ್ಬಿಯ ಮೊದಲ ನಿಘಂಟನ್ನು ಯೋಜಿಸಿದವರೂ ಅವರೇ. ಅರಬ್ಬಿ ಪದಗಳು ವ್ಯಂಜನಗಳ ಧಾತುವಿನ ಮೇಲೆ ನಿಂತಿರುತ್ತವೆ. ನಿಘಂಟಿನಿಂದ ಒಂದು ಪದವೂ ತಪ್ಪಿಹೋಗಬಾರದು ಎಂದರೆ ಏನು ಮಾಡಬೇಕು? ಅಕ್ಷರಗಳ ಎಲ್ಲ ಕ್ರಮಗಳನ್ನೂ ಬರೆದು, ಯಾವುದು ಬಳಕೆಯಲ್ಲಿದೆ, ಯಾವುದು ಇಲ್ಲ ಎಂದು ಗುರುತು ಹಾಕಬೇಕು. ಅವರು ಹಿಡಿದ ದಾರಿ ಇದೇ.

ಕ, ಲ, ಮ ಎಂಬ ಮೂರು ವ್ಯಂಜನ ತೆಗೆದುಕೊಳ್ಳಿ. ಆರು ಕ್ರಮಗಳು. ಕ-ಲ-ಮ ಆದರೆ ಕಲಾಮ್, ಮಾತು. ಮ-ಲ-ಕ ಆದರೆ ಮಲಿಕ್, ದೊರೆ. ಕ-ಮ-ಲ ಆದರೆ ಕಮಾಲ್, ಪೂರ್ಣತೆ. ಇಲ್ಲಿ ದಿನವೂ ಕೇಳುವ ಪದಗಳೇ. ಎರಡಕ್ಷರದ ಧಾತುವಿಗೆ 2 ಕ್ರಮ, ಮೂರಕ್ಕೆ 6, ನಾಲ್ಕಕ್ಕೆ 24, ಐದಕ್ಕೆ 120. ಫ್ಯಾಕ್ಟೋರಿಯಲ್ ಎಂಬ ಹೆಸರು ಹುಟ್ಟುವ ಸಾವಿರ ವರ್ಷ ಮೊದಲೇ ಅದು ನಿಘಂಟು ಕಟ್ಟುವ ಕೆಲಸಕ್ಕೆ ಬಂದಿತ್ತು. 28 ಅಕ್ಷರಗಳಿಂದ, ಒಂದೇ ಅಕ್ಷರ ಮತ್ತೆ ಬಾರದಂತೆ, ಎರಡರಿಂದ ಐದಕ್ಷರದವರೆಗೆ ಒಟ್ಟು 1,23,05,412 ಜೋಡಣೆಗಳು ಎಂದು ನಂತರದ ಅರಬ್ ಲೇಖಕರು ಅವರ ಹೆಸರಿನಲ್ಲಿ ಹೇಳುತ್ತಾರೆ. ನಾನು ಕೂಡಿ ನೋಡಿದೆ: 756, 19,656, 4,91,400, 1,17,93,600. ಮೊತ್ತ ಸರಿಯಾಗಿ ತಾಳೆಯಾಗುತ್ತದೆ.

ಮಾನ್ಯಖೇಟಕ್ಕೂ ಈ ಕರಾವಳಿಗೂ ಆಗ ಪರಿಚಯವಿತ್ತು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ, 851ರ ಅರಬ್ಬಿ ಪ್ರವಾಸ ವೃತ್ತಾಂತವೊಂದಿದೆ. ಹಡಗುಗಳು ಮಸ್ಕತ್‌ನಲ್ಲಿ ಸಿಹಿನೀರು ತುಂಬಿಕೊಂಡು ಸುಮಾರು ಒಂದು ತಿಂಗಳಲ್ಲಿ ಕೊಲ್ಲಂ ಮುಟ್ಟುತ್ತಿದ್ದವು ಎಂದು ಅದು ಹೇಳುತ್ತದೆ. ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬ ‘ಬಲ್ಹರಾ’ ಎಂದೂ, ಅವನು ಅರಬರನ್ನು ಪ್ರೀತಿಯಿಂದ ಕಾಣುವವನೆಂದೂ ಹೇಳುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ದೊರೆ. 851ರಲ್ಲಿ ಆ ಗದ್ದುಗೆಯ ಮೇಲಿದ್ದವನು ನಮ್ಮ ನೃಪತುಂಗ. ಇದರಿಂದ ಎಣಿಕೆಯ ಲೆಕ್ಕವನ್ನು ಅವರಿಂದ ಇವರು, ಇವರಿಂದ ಅವರು ಕಲಿತರೆಂದು ನಾನು ಹೇಳುವುದಿಲ್ಲ. ಅಂಥ ಮಾತಿಗೆ ವೋಚರ್ ಬೇಕು. ಎರಡು ದಡಗಳಲ್ಲೂ ಮಾತಿನ ಅಕ್ಷರಗಳನ್ನು ಎಣಿಸುವವರೇ ಈ ಗಣಿತದ ಬಾಗಿಲು ತಟ್ಟಿದರು ಎಂಬುದಷ್ಟಕ್ಕೆ ಗ್ರಂಥಗಳ ಆಧಾರ ಇದೆ.

1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಈ ವಿಷಯಕ್ಕೆ ಕೊಟ್ಟ ಹೆಸರು ಅಂಕಪಾಶ, ಅಂಕಿಗಳ ಬಲೆ. ಒಂದರಿಂದ ಸ್ಥಾನಗಳ ಸಂಖ್ಯೆಯವರೆಗೆ ಗುಣಿಸಿದರೆ ಕ್ರಮಗಳ ಸಂಖ್ಯೆ ಎಂದು ಅಲ್ಲಿ ನೇರವಾಗಿ ಹೇಳಿದೆ. ಒಂದೇ ಅಂಕಿ ಮತ್ತೆಮತ್ತೆ ಬಂದರೆ ಭಾಗಿಸಬೇಕೆಂದೂ ಇದೆ: 4, 8, 5, 5, 5 ಇವುಗಳಿಂದ 120ರ ಬದಲು 20 ಸಂಖ್ಯೆಗಳು ಮಾತ್ರ. ಉದಾಹರಣೆಯಂತೂ ಮರೆಯುವಂಥದ್ದಲ್ಲ. ಹತ್ತು ಕೈಗಳ ಶಿವ ಹತ್ತು ಆಯುಧಗಳನ್ನು ಕೈ ಬದಲಿಸಿ ಹಿಡಿದರೆ ಎಷ್ಟು ರೂಪ? 36,28,800. ಸೆಕೆಂಡಿಗೆ ಒಂದರಂತೆ ಬದಲಿಸಿದರೂ ಸರಿಯಾಗಿ 42 ದಿನ ಬೇಕು. ಶಂಖ, ಚಕ್ರ, ಗದೆ, ಪದ್ಮ ಹಿಡಿದ ಚತುರ್ಭುಜ ಹರಿಗೆ ಎಷ್ಟು ರೂಪ? 24. ಕೇಶವ, ನಾರಾಯಣ, ಮಾಧವ ಎಂದು ಶುರುವಾಗುವ ಇಪ್ಪತ್ತನಾಲ್ಕು ಹೆಸರುಗಳ ಮೂರ್ತಿಗಳನ್ನು ಶಿಲ್ಪಿಗಳು ಬೇರೆಬೇರೆ ಮಾಡಿ ತೋರಿಸುವುದು ಯಾವ ಕೈಯಲ್ಲಿ ಏನಿದೆ ಎಂಬ ಕ್ರಮದಿಂದಲೇ. ಮುಂದಿನ ಸಲ ಊರಿಗೆ ಹೋದಾಗ ಹೊಯ್ಸಳ ದೇವಾಲಯಗಳ ಹೊರಗೋಡೆಯಲ್ಲಿ ನೋಡಿ.

ಅಂಕಪಾಶದಲ್ಲಿ ಲೆಕ್ಕಿಗರು ದಿನವೂ ಸಿಕ್ಕಿಕೊಳ್ಳುತ್ತಾರೆ. 5,436 ಎಂದು ಬರೆಯುವಲ್ಲಿ 5,346 ಎಂದು ಬಿದ್ದರೆ ವ್ಯತ್ಯಾಸ 90. ಅಂಕಿಗಳ ಕ್ರಮ ಹೇಗೇ ಬದಲಾದರೂ ಅವುಗಳ ಮೊತ್ತ ಬದಲಾಗುವುದಿಲ್ಲ, ಆದ್ದರಿಂದ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ, ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅದಲುಬದಲಾದ ಅಂಕಿ ಹುಡುಕು ಎಂದು ನಮಗೆ ಆರ್ಟಿಕಲ್‌ಶಿಪ್‌ನ ದಿನಗಳಲ್ಲೇ ಹೇಳಿಕೊಟ್ಟಿದ್ದರು.

ಈಗ ಬ್ಯಾಲೆನ್ಸ್ ಶೀಟ್ ಬರೆಯೋಣ. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ‘ಎಲ್ಲವನ್ನೂ ಕಂಡುಹಿಡಿದವರು ನಾವೇ’ ಎಂಬ ಸಂದೇಶಗಳು ಹರಿದಾಡುತ್ತವೆ. ಆಸ್ತಿಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಿದ ಲೆಕ್ಕಕ್ಕೆ ನಾನು ಸಹಿ ಹಾಕಲಾರೆ. ಆಯ್ಕೆಯ ನಿಯಮವನ್ನು ಜಗತ್ತಿನಲ್ಲಿ ಮೊದಲು ಕೊಟ್ಟವರು ಮಹಾವೀರಾಚಾರ್ಯರು ಎಂದು ಬರೆಯುವುದುಂಟು. ಶ್ರೀಧರನ ‘ಪಾಟೀಗಣಿತ’ದಲ್ಲೂ ಅದು ಇದೆ, ಶ್ರೀಧರ ಅವರಿಗಿಂತ ಹಿಂದಿನವನೆಂದು ಹೆಚ್ಚಿನ ವಿದ್ವಾಂಸರ ಮತ. ಫ್ಯಾಕ್ಟೋರಿಯಲ್‌ಗೆ ಬಳಸುವ ‘!’ ಗುರುತು 1808ರಲ್ಲಿ ಕ್ರಿಸ್ಟಿಯಾನ್ ಕ್ರಾಂಪ್ ಎಂಬ ಫ್ರೆಂಚ್ ಗಣಿತಜ್ಞ ಕೊಟ್ಟದ್ದು. ಅದೂ ನಮ್ಮದಲ್ಲ.

ಆಸ್ತಿಯನ್ನು ಪುಸ್ತಕಕ್ಕೇ ತರದೆ ಬಿಡುವುದೂ ತಪ್ಪು ಲೆಕ್ಕವೇ. ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಹೊರತಂದರು. ಕನ್ನಡ ಅನುವಾದ ಪ್ರೊ. ಪದ್ಮಾವತಮ್ಮನವರಿಂದ 2000ದಲ್ಲಿ ಬಂತು. ಪುಸ್ತಕ ನಮ್ಮ ಭಾಷೆಯಲ್ಲೇ ಇದೆ. ಆದರೆ ‘ಕವಿರಾಜಮಾರ್ಗ’ದ ಹೆಸರು ಗೊತ್ತಿರುವ ನೂರು ಜನರಲ್ಲಿ ಇದರ ಹೆಸರು ಎಷ್ಟು ಜನ ಬಲ್ಲರು ಎಂದು ಈ ಸಭಾಂಗಣದಲ್ಲೇ ಕೈ ಎತ್ತಿಸಿ ನೋಡಬಹುದು.

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳು ಹತ್ತು ದೇಶದ ಮಕ್ಕಳ ಜೊತೆ ಕೂರುತ್ತಾರೆ. ಮನೆಯಲ್ಲಿ ಕೇಳಿದ ಉಬ್ಬಿಸಿದ ಮಾತನ್ನು ತರಗತಿಯಲ್ಲಿ ಹೇಳಿ, ಅದು ಸುಳ್ಳೆಂದು ತಿಳಿದ ದಿನ, ಮಗು ನಿಜವಾದದ್ದನ್ನೂ ನಂಬುವುದು ಬಿಡುತ್ತದೆ. ಏನನ್ನೂ ಕೇಳದೆ ಬೆಳೆದ ಮಗುವಿಗೆ ಕನ್ನಡ ಎಂದರೆ ರಾಜ್ಯೋತ್ಸವದ ದಿನದ ನೃತ್ಯ ಮಾತ್ರ ಎನಿಸುತ್ತದೆ. ಸರಿಯಾದ ಲೆಕ್ಕ ಕೇಳಿದ ಮಗು ಪಕ್ಕದ ಬೆಂಚಿನ ಒಮಾನಿ ಗೆಳೆಯನಿಗೆ ‘ನಿಮ್ಮ ಖಲೀಲ್, ನಮ್ಮ ಮಹಾವೀರ’ ಎಂದು ಎರಡೂ ಹೆಸರನ್ನು ತಲೆ ಎತ್ತಿ ಹೇಳಬಹುದು.

ಹಾಗಾಗಿ ಸಂಘಕ್ಕೆ ಒಂದೇ ಬೇಡಿಕೆ. ನಮ್ಮ ವಾರಾಂತ್ಯದ ಕನ್ನಡ ತರಗತಿಯಲ್ಲಿ ವರ್ಷಕ್ಕೆ ಎರಡು ಗಂಟೆ ಇದಕ್ಕೆ ಕೊಡಿ. ಮಕ್ಕಳು ‘ಕಮಲ’ ಎಂಬ ಪದದ ಮೂರು ಅಕ್ಷರಗಳನ್ನು ಆರು ಕ್ರಮದಲ್ಲಿ ಬರೆಯಲಿ, ಅರ್ಥ ಬರುವುದು ಯಾವುದು ಎಂದು ಗುರುತು ಹಾಕಲಿ. ಐದು ಬಣ್ಣದ ಮಣಿ ಕೊಟ್ಟು 31 ಹಾರಗಳ ಪಟ್ಟಿ ಮಾಡಿಸೋಣ. ಕ್ಯಾಲ್ಕುಲೇಟರ್ ಆಮೇಲೆ ಕೈಗೆ ಬರಲಿ. ಪಾಠಕ್ಕೆ ಜನ ಬೇಕಾದರೆ ಮಾರ್ಚ್ ತಿಂಗಳ ಲೆಕ್ಕಪತ್ರದ ಗಲಾಟೆ ಮುಗಿದ ಮೇಲೆ ನಾನು ಬರುತ್ತೇನೆ.